ಹಸು ವಿಮೆ: ದುಡ್ಡು ಕಟ್ಟಿದ್ರೂ ಕ್ಲೇಮ್ ಯಾಕೆ ಸಿಗಲ್ಲ? ಓಲೆ ಹಾಕಿಸೋ ದಿನವೇ ನೋಡ್ಕೋಬೇಕಾದ ವಿಷಯಗಳಿವು

ಕೋಲಾರ: ವರ್ಷವಿಡೀ ಹರಿಯೋ ನದಿ ಇಲ್ಲದ ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮನೆಗಳನ್ನ ನಡೆಸ್ತಾ ಇರೋದು ಹಾಲು ಮತ್ತು ರೇಷ್ಮೆ. ಕರೆಯೋ ಸೀಮೆ ಹಸು ಒಂದು ಸತ್ತರೆ ಡೇರಿ ಬಟವಾಡೆ ನಿಲ್ಲುತ್ತೆ. ಬೂಸಾ ಅಂಗಡಿ ಬಾಕಿ ತೀರಲ್ಲ. ಹಸು ತರೋದಕ್ಕೆ ಮಾಡಿದ ಸಾಲದ ಕಂತು ಮಾತ್ರ ನಿಲ್ಲಲ್ಲ. ಅದಕ್ಕೇ ಎಷ್ಟೋ ಜನ ರಾಸುಗಳಿಗೆ ವಿಮೆ ಮಾಡಿಸಿರ್ತಾರೆ.

ಆದ್ರೆ ಡೇರಿ ಮುಂದೆ, ಪಶು ಆಸ್ಪತ್ರೆ ಮುಂದೆ ಸ್ವಲ್ಪ ಹೊತ್ತು ನಿಂತ್ರೆ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತೆ: "ವಿಮೆ ಮಾಡಿಸಿದ್ವಿ, ಹಸು ಹೋಯ್ತು, ದುಡ್ಡು ಬರ್ಲಿಲ್ಲ." ಕೆಲವರಿಗೆ ಕಂಪನಿಯವರು ಕಾರಣ ಹೇಳಿ ಪತ್ರ ಕಳಿಸಿರ್ತಾರೆ. ಕೆಲವರಿಗೆ ಪತ್ರವೂ ಬಂದಿರಲ್ಲ.

ಈ ದೂರುಗಳನ್ನ ಒಂದೊಂದಾಗಿ ಬಿಡಿಸಿ ನೋಡಿದ್ರೆ ಒಂದು ವಿಷಯ ಕಾಣುತ್ತೆ. ಹಸು ಸತ್ತಿದೆಯೋ ಇಲ್ಲವೋ ಅನ್ನೋ ಜಗಳ ಕಡಿಮೆ. ಸತ್ತ ಹಸು, ವಿಮೆ ಮಾಡಿಸಿದ ಹಸು ಎರಡೂ ಒಂದೇನಾ ಅನ್ನೋದೇ ಜಗಳದ ಮೂಲ. ಅದನ್ನ ರುಜುವಾತು ಮಾಡೋ ಕೆಲಸ ಹಸು ಸತ್ತ ದಿನ ಶುರುವಾಗಲ್ಲ. ಅದರ ಕಿವಿಗೆ ಓಲೆ ಹಾಕಿದ ದಿನವೇ ಅರ್ಧ ಮುಗಿದಿರಬೇಕು.

ಇದು ಆಸ್ಪತ್ರೆ ಖರ್ಚು ಕೊಡೋ ವಿಮೆ ಅಲ್ಲ

ಮನುಷ್ಯರ ಆರೋಗ್ಯ ವಿಮೆ ನೋಡಿದವರು ಹಸು ವಿಮೆಯನ್ನೂ ಹಾಗೇ ಅಂದ್ಕೊಳ್ತಾರೆ. ಕೆಚ್ಚಲು ಬಾವು ಬಂತು, ಡಾಕ್ಟರ್ ಫೀಸು, ಇಂಜೆಕ್ಷನ್, ಗ್ಲೂಕೋಸ್ ಬಾಟಲಿ ಅಂತ ನಾಲ್ಕು ಸಾವಿರ ಖರ್ಚಾಯ್ತು, ಅದನ್ನ ಕಂಪನಿ ಕೊಡುತ್ತೆ ಅನ್ನೋ ನಂಬಿಕೆ. ಕೊಡಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ರಾಸು ವಿಮೆ ಸಾವಿಗೆ ಸಂಬಂಧಿಸಿದ್ದು. ರೋಗದಿಂದ ಆಗಲಿ, ಅಪಘಾತದಿಂದ ಆಗಲಿ ರಾಸು ಸತ್ತರೆ ವಿಮಾ ಮೊತ್ತ ಸಿಗುತ್ತೆ. ಹಾವು ಕಚ್ಚಿದ್ದು, ಸಿಡಿಲು ಹೊಡೆದದ್ದು, ಕರೆಂಟ್ ತಗುಲಿದ್ದು, ನೀರಲ್ಲಿ ಮುಳುಗಿದ್ದು, ಗಾಡಿ ಗುದ್ದಿದ್ದು ಅಪಘಾತದ ಲೆಕ್ಕಕ್ಕೆ ಬರುತ್ತವೆ.

ಇದರ ಮೇಲೆ ಸ್ವಲ್ಪ ಹೆಚ್ಚು ಪ್ರೀಮಿಯಂ ಕಟ್ಟಿದ್ರೆ ಇನ್ನೊಂದು ರಕ್ಷಣೆ ಸೇರಿಸಬಹುದು. ಅದೇ ಶಾಶ್ವತ ಪೂರ್ಣ ಅಂಗವೈಕಲ್ಯ. ಹಸು ಬದುಕಿದೆ, ಆದ್ರೆ ಇನ್ನು ಯಾವತ್ತೂ ಗಬ್ಬ ಕಟ್ಟಲ್ಲ ಅಥವಾ ಹಾಲು ಕೊಡಲ್ಲ ಅಂತ ಪಶುವೈದ್ಯರು ಪ್ರಮಾಣಪತ್ರ ಕೊಟ್ಟರೆ ಈ ಭಾಗ ಕೆಲಸಕ್ಕೆ ಬರುತ್ತೆ. ಇದರಲ್ಲಿ ಸಾಮಾನ್ಯವಾಗಿ ವಿಮಾ ಮೊತ್ತದ ಶೇ 75ರಷ್ಟು ಸಿಗುತ್ತೆ. ಪಾಲಿಸಿ ಕಾಗದದಲ್ಲಿ ಈ ಸಾಲು ಇಲ್ಲ ಅಂದ್ರೆ ಆ ರಕ್ಷಣೆ ಇಲ್ಲ ಅಂತಲೇ ಅರ್ಥ. ಏಜೆಂಟ್ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ.

ಕಳ್ಳತನ ಆದ್ರೆ? ಕಾಣೆಯಾದ್ರೆ? ಬಹುತೇಕ ಪಾಲಿಸಿಗಳಲ್ಲಿ ಇವೆರಡಕ್ಕೂ ಹಣ ಇಲ್ಲ. ಕೊಟ್ಟಿಗೆಯಿಂದ ಹಸು ಹೊಡ್ಕೊಂಡು ಹೋದ್ರೆ ಪೊಲೀಸ್ ದೂರು ಕೊಡಬೇಕು, ವಿಮೆ ನೆಚ್ಕೊಂಡು ಕೂರೋ ಹಾಗಿಲ್ಲ.

ಎಷ್ಟು ಕಟ್ಟಬೇಕು? ಸರ್ಕಾರ ಎಷ್ಟು ಕೊಡುತ್ತೆ?

ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ 2014-15ರಲ್ಲಿ ಶುರುವಾಯ್ತು. ರಾಸು ವಿಮೆಯ ಸಹಾಯಧನ ಬರೋದು ಈ ಮಿಷನ್ ಅಡಿಯಲ್ಲಿ. 2024ರ ಫೆಬ್ರುವರಿ 21ರಂದು ಕೇಂದ್ರ ಸಂಪುಟ ಇದರ ನಿಯಮ ಬದಲಿಸಿತು. ಅದಕ್ಕೆ ಮೊದಲು ರೈತರ ವರ್ಗ, ಪ್ರದೇಶ ನೋಡಿ ಪ್ರೀಮಿಯಂನ ಶೇ 20ರಿಂದ ಶೇ 50ರವರೆಗೆ ರೈತರೇ ಕಟ್ಟಬೇಕಿತ್ತು. ಹೊಸ ನಿಯಮದಲ್ಲಿ ಎಲ್ಲರಿಗೂ ಶೇ 15 ಮಾತ್ರ. ಉಳಿದ ಶೇ 85ನ್ನ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ 60, ರಾಜ್ಯ 40ರ ಅನುಪಾತದಲ್ಲಿ ಹಂಚಿಕೊಳ್ಳುತ್ತವೆ.

ಲೆಕ್ಕ ಹಾಕಿ ನೋಡೋಣ. ಹಸುವಿನ ಬೆಲೆ 70,000 ರೂಪಾಯಿ, ಪ್ರೀಮಿಯಂ ದರ ಶೇ 4 ಅಂತ ಇಟ್ಕೊಳ್ಳಿ. ವರ್ಷದ ಪ್ರೀಮಿಯಂ 2,800 ರೂ. ಅದರಲ್ಲಿ ರೈತರ ಪಾಲು ಶೇ 15, ಅಂದ್ರೆ 420 ರೂ. ಉಳಿದ 2,380 ರೂಪಾಯಿಯಲ್ಲಿ ಕೇಂದ್ರದ ಪಾಲು 1,428, ರಾಜ್ಯದ್ದು 952. ದರ ಕಂಪನಿಯಿಂದ ಕಂಪನಿಗೆ, ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಅನ್ನೋದರ ಮೇಲೆ ಬದಲಾಗುತ್ತೆ. ಲೆಕ್ಕ ಹಾಕೋ ರೀತಿ ಮಾತ್ರ ಇದೇ.

ಎಷ್ಟು ರಾಸಿಗೆ ಸಹಾಯಧನ ಅನ್ನೋದಕ್ಕೂ ಮಿತಿ ಇದೆ. ಇದನ್ನ ಕ್ಯಾಟಲ್ ಯೂನಿಟ್ ಲೆಕ್ಕದಲ್ಲಿ ಹೇಳ್ತಾರೆ. ಒಂದು ಹಸು ಅಥವಾ ಎಮ್ಮೆ ಒಂದು ಯೂನಿಟ್. ಹತ್ತು ಕುರಿ ಅಥವಾ ಮೇಕೆ ಸೇರಿದ್ರೆ ಒಂದು ಯೂನಿಟ್. ಮೊದಲು ಒಂದು ಕುಟುಂಬಕ್ಕೆ 5 ಯೂನಿಟ್ ಮಿತಿ ಇತ್ತು. 2024ರ ತಿದ್ದುಪಡಿಯಲ್ಲಿ ಕುರಿ, ಮೇಕೆ ಸಾಕುವವರಿಗೆ ಇದನ್ನ 10 ಯೂನಿಟ್‌ಗೆ ಏರಿಸಿದ್ದಾರೆ.

ಸಹಾಯಧನದ ವಿಮೆ ವರ್ಷದ ಎಲ್ಲ ದಿನವೂ ತೆರೆದಿರುತ್ತೆ ಅಂದ್ಕೋಬೇಡಿ. ನಿಮ್ಮ ಹೋಬಳಿಯ ಪಶು ಆಸ್ಪತ್ರೆಯಲ್ಲಿ ಕೇಳಿ. ಹಾಲು ಉತ್ಪಾದಕರ ಸಂಘದ ಸದಸ್ಯರಾಗಿದ್ರೆ ಡೇರಿ ಕಾರ್ಯದರ್ಶಿಯನ್ನೂ ಕೇಳಿ. ಹಲವು ಹಾಲು ಒಕ್ಕೂಟಗಳು ಸದಸ್ಯರ ರಾಸುಗಳಿಗೆ ಗುಂಪು ವಿಮೆ ಮಾಡಿಸ್ತವೆ. ಒಂದೇ ಹಸುವಿಗೆ ಎರಡು ಕಡೆ ಸಹಾಯಧನದ ವಿಮೆ ಮಾತ್ರ ಮಾಡಿಸಬೇಡಿ. ಬೇರೆ ಯೋಜನೆಯಲ್ಲಿ ವಿಮೆ ಆಗಿರೋ ರಾಸಿಗೆ ಮಿಷನ್‌ನ ಸಹಾಯಧನ ಇಲ್ಲ.

ಹನ್ನೆರಡು ಅಂಕಿಯ ಓಲೆಯೇ ಗುರುತು

ಹಸುವಿನ ಕಿವಿಯಲ್ಲಿರೋ ಹಳದಿ ಓಲೆ ನೋಡಿರ್ತೀರಿ. ಅದರ ಮೇಲೆ 12 ಅಂಕಿಯ ಸಂಖ್ಯೆ ಇರುತ್ತೆ. ಜನ ಇದನ್ನ ಪಶು ಆಧಾರ್ ಅಂತಾರೆ. ಈ ಸಂಖ್ಯೆ ಹಿಡಿದು ಹಸುವಿನ ತಳಿ, ವಯಸ್ಸು, ಮಾಲೀಕರ ಹೆಸರು, ಹಾಕಿದ ಲಸಿಕೆ, ಮಾಡಿಸಿದ ಕೃತಕ ಗರ್ಭಧಾರಣೆ ಎಲ್ಲವನ್ನೂ ಭಾರತ್ ಪಶುಧನ್ ಅನ್ನೋ ಸರ್ಕಾರಿ ದತ್ತಾಂಶದಲ್ಲಿ ದಾಖಲು ಮಾಡ್ತಾರೆ.

ವಿಮಾ ಕಂಪನಿಯವರಿಗೆ ನಿಮ್ಮ ಹಸುವಿನ ಹೆಸರು ಗೌರಿನೋ ಲಕ್ಷ್ಮಿನೋ ಗೊತ್ತಿರಲ್ಲ. ಕಪ್ಪು ಬಿಳಿ ಮಚ್ಚೆಯ ಹಸು ಊರಲ್ಲಿ ನೂರು ಇರ್ತವೆ. ಅವರ ಪಾಲಿಗೆ ಹಸು ಅಂದ್ರೆ ಓಲೆಯ ನಂಬರ್. ಅದಕ್ಕೇ ಪಾಲಿಸಿಗಳಲ್ಲಿ ಒಂದು ಷರತ್ತು ಕಡ್ಡಾಯವಾಗಿ ಇರುತ್ತೆ: ಓಲೆ ಇಲ್ಲದಿದ್ರೆ ಕ್ಲೇಮ್ ಇಲ್ಲ.

ಓಲೆ ಹಾಕಿಸೋ ದಿನ, ಪಾಲಿಸಿ ಕೈಗೆ ಬಂದ ದಿನ ಈ ನಾಲ್ಕು ನೋಡ್ಕೊಳ್ಳಿ:

1. ಪಾಲಿಸಿಯಲ್ಲಿ ಬರೆದಿರೋ ನಂಬರ್, ಕಿವಿಯಲ್ಲಿರೋ ನಂಬರ್ ಒಂದೇನಾ ಅಂತ ಒಂದೊಂದು ಅಂಕಿಯನ್ನೂ ಓದಿ ಹೊಂದಿಸಿ. ಟೈಪ್ ಮಾಡುವಾಗ 6 ಹೋಗಿ 8 ಆಗಿದ್ರೂ ಮುಂದೆ ತೊಂದರೆ.

2. ಕೆಲವು ಸಲ ಇಲಾಖೆಯ ಓಲೆ ಒಂದು, ಕಂಪನಿಯ ಓಲೆ ಇನ್ನೊಂದು ಇರುತ್ತೆ. ಪಾಲಿಸಿಯಲ್ಲಿ ಯಾವುದರ ನಂಬರ್ ಇದೆ ಅಂತ ಗುರುತು ಮಾಡ್ಕೊಳ್ಳಿ.

3. ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಒಂದು ಓಲೆಯ ನಂಬರ್ ಓದೋ ಹಾಗೆ, ಒಂದು ಹಸು ಪೂರ್ತಿ ಕಾಣೋ ಹಾಗೆ, ಇನ್ನೊಂದು ನೀವೂ ಹಸುವೂ ಒಟ್ಟಿಗೆ. ಫೋನ್ ಕೆಟ್ಟರೆ ಅಂತ ಮನೆಯ ಇನ್ನೊಬ್ಬರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಡಿ.

4. ಹೆಸರು, ಊರು, ಬ್ಯಾಂಕ್ ಖಾತೆ ಸಂಖ್ಯೆ, ಹಸುವಿನ ವಯಸ್ಸು, ವಿಮೆ ಶುರುವಾಗೋ ದಿನ, ಮುಗಿಯೋ ದಿನ ಸರಿಯಾಗಿವೆಯಾ ನೋಡಿ. ತಪ್ಪಿದ್ರೆ ಅವತ್ತೇ ಬರವಣಿಗೆಯಲ್ಲಿ ತಿಳಿಸಿ ಸರಿಪಡಿಸಿಕೊಳ್ಳಿ.

ಗೂಟಕ್ಕೆ ಉಜ್ಜಿ, ಬೇಲಿಗೆ ಸಿಕ್ಕಿ ಓಲೆ ಬಿದ್ದು ಹೋಗೋದು ಮಾಮೂಲು. ಬಿದ್ದ ಓಲೆ ಸಿಕ್ಕಿದ್ರೆ ಎಸೀಬೇಡಿ. ತಕ್ಷಣ ಪಶು ಆಸ್ಪತ್ರೆಗೆ ಹೇಳಿ ಹೊಸದು ಹಾಕಿಸಿ. ಹೊಸ ನಂಬರನ್ನ ಕಂಪನಿಗೆ ಬರೆದು ತಿಳಿಸಿ ಪಾಲಿಸಿಯಲ್ಲಿ ಸೇರಿಸೋಕೆ ಹೇಳಿ. ಹೊಸ ಓಲೆ ಹಾಕಿಸಿ ಕಂಪನಿಗೆ ತಿಳಿಸದೆ ಇದ್ರೆ, ಕಾಗದದ ಮೇಲೆ ಅದು ಬೇರೆಯದೇ ಹಸು.

ಪದೇ ಪದೇ ಕೇಳಿಬರೋ ದೂರುಗಳು, ಅವುಗಳ ಹಿಂದಿನ ನಿಯಮ

ಕೆಳಗಿನವು ಯಾರೋ ಒಬ್ಬರ ಕಥೆ ಅಲ್ಲ. ರಾಸು ವಿಮೆ ಮಾಡಿಸಿದವರು ಸಾಮಾನ್ಯವಾಗಿ ಎದುರಿಸೋ ತೊಂದರೆಗಳು.

"ವಿಮೆ ಮಾಡಿಸಿದ ಹತ್ತೇ ದಿನಕ್ಕೆ ಜ್ವರ ಬಂದು ಸತ್ತೋಯ್ತು. ಕೊಡಲ್ಲ ಅಂದ್ರು." ರೋಗದ ಸಾವಿಗೆ ಸಾಮಾನ್ಯವಾಗಿ ಮೊದಲ 15 ದಿನ ಕಾಯುವ ಅವಧಿ. ಈ ದಿನಗಳಲ್ಲಿ ರೋಗದಿಂದ ಸತ್ತರೆ ಹಣ ಇಲ್ಲ. ಅಪಘಾತದ ಸಾವಿಗೆ ಈ ಕಾಯುವಿಕೆ ಇಲ್ಲ. ಕಾಯಿಲೆ ಬಿದ್ದ ಮೇಲೆ ವಿಮೆ ಮಾಡಿಸೋದನ್ನ ತಡೆಯೋಕೆ ಈ ನಿಯಮ. ಹಳೆ ಪಾಲಿಸಿ ಮುಗಿಯೋ ಮೊದಲೇ ನವೀಕರಿಸಿದವರು ಈ 15 ದಿನದ ಕಾಟದಿಂದ ತಪ್ಪಿಸಿಕೊಳ್ಳಬಹುದು. ಮುಗಿದು ತಿಂಗಳಾದ ಮೇಲೆ ಹೋದವರಿಗೆ ಲೆಕ್ಕ ಮೊದಲಿನಿಂದ.

"ಸಂತೆಯಲ್ಲಿ ತಂದ ಹಸು. ಹಿಂದಿನವರು ವಿಮೆ ಮಾಡಿಸಿದ್ರು, ಕಾಗದ ನನ್ನ ಹತ್ರ ಇದೆ." ಕಾಗದ ಇದ್ದರೆ ಸಾಲದು. ಹಸು ಮಾರಿದಾಗ ಉಳಿದ ಅವಧಿಯ ಪಾಲಿಸಿಯನ್ನ ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಬೇಕು ಅಂತ ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಹಸು ಕೊಳ್ಳುವಾಗ ಮಾರುವವರಿಂದ ಮಾರಾಟದ ಚೀಟಿ ಬರೆಸಿಕೊಂಡು ಕಂಪನಿಗೆ ಅರ್ಜಿ ಕೊಡಿ. ಭಾರತ್ ಪಶುಧನ್ ದಾಖಲೆಯಲ್ಲೂ ಮಾಲೀಕರ ಹೆಸರು ಬದಲಾಗ್ಲಿ.

"70 ಸಾವಿರಕ್ಕೆ ವಿಮೆ ಮಾಡಿಸಿದ್ದು, ಅದಕ್ಕಿಂತ ಕಮ್ಮಿ ಕೊಟ್ರು." ಇಲ್ಲಿ ಪಾಲಿಸಿಯ ಬಗೆ ಮುಖ್ಯ. ಕೆಲವದರಲ್ಲಿ ಒಪ್ಪಿಕೊಂಡ ಬೆಲೆಯನ್ನೇ ಕೊಡ್ತಾರೆ. ಇನ್ನು ಕೆಲವದರಲ್ಲಿ ವಿಮಾ ಮೊತ್ತ, ಕಾಯಿಲೆ ಬೀಳೋ ಮೊದಲಿನ ಮಾರುಕಟ್ಟೆ ಬೆಲೆ ಈ ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನ ಕೊಡ್ತಾರೆ. ವಿಮೆ ಮಾಡಿಸುವಾಗ ಇದು ಯಾವ ಬಗೆ ಅಂತ ಕೇಳಿ. ಬೆಲೆ ಕಟ್ಟುವಾಗ ರೈತರು, ಕಂಪನಿಯವರು ಸೇರಿ ಸಾಧ್ಯವಾದಷ್ಟೂ ಪಶುವೈದ್ಯರ ಮುಂದೆ ಕಟ್ಟಬೇಕು ಅನ್ನೋದು ನಿಯಮ. 2014ರ ಮಾರ್ಗಸೂಚಿಯಲ್ಲಿ ಕನಿಷ್ಠ ಬೆಲೆಗೊಂದು ಅಳತೆಯೂ ಇತ್ತು. ದಿನಕ್ಕೆ ಕೊಡೋ ಹಾಲಿನ ಪ್ರತಿ ಲೀಟರಿಗೆ ಹಸುವಿಗೆ 3,000 ರೂ., ಎಮ್ಮೆಗೆ 4,000 ರೂ., ಇಲ್ಲವೇ ಸ್ಥಳೀಯ ಮಾರುಕಟ್ಟೆ ದರ. ನಿಮ್ಮ ಹಸುವಿನ ಹಾಲಿನ ಲೆಕ್ಕ ಡೇರಿ ಪಾಸ್‌ಬುಕ್‌ನಲ್ಲಿ ಇರುತ್ತೆ. ಬೆಲೆ ಕಟ್ಟೋ ದಿನ ಅದನ್ನ ಮುಂದಿಡಿ.

"ಲಸಿಕೆ ಹಾಕ್ಸಿಲ್ಲ ಅಂತ ತಳ್ಳಿಹಾಕಿದ್ರು." ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ರೋಗದಂಥವಕ್ಕೆ ಲಸಿಕೆ ಹಾಕಿಸಿದ್ರೆ ಮಾತ್ರ ರಕ್ಷಣೆ ಅನ್ನೋ ಷರತ್ತು ಪಾಲಿಸಿಗಳಲ್ಲಿ ಇರುತ್ತೆ. ಕಾಲುಬಾಯಿ ಜ್ವರಕ್ಕೆ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಲಸಿಕೆ ಉಚಿತ. ಮನೆ ಬಾಗಿಲಿಗೇ ಬಂದು ಹಾಕ್ತಾರೆ. "ಹಾಲು ಕಮ್ಮಿಯಾಗುತ್ತೆ, ನಮ್ಮ ಹಸುಗೆ ಬೇಡ" ಅಂತ ವಾಪಸ್ ಕಳಿಸೋರು ಈ ಷರತ್ತನ್ನ ನೆನಪಿಟ್ಕೊಳ್ಳಬೇಕು. ಹಾಕಿಸಿದ ಮೇಲೆ ಓಲೆ ನಂಬರಿನಡಿ ದಾಖಲಾಯ್ತಾ ಅಂತ ಕೇಳಿ.

"ವಯಸ್ಸು ಮೀರಿದೆ ಅಂದ್ರು." ಕರೆಯೋ ಹಸುವಿಗೆ ಸಾಮಾನ್ಯವಾಗಿ 2ರಿಂದ 10 ವರ್ಷ, ಎಮ್ಮೆಗೆ 3ರಿಂದ 12 ವರ್ಷದ ಮಿತಿ. ಮೂರು ವರ್ಷದ ಪಾಲಿಸಿ ಮಾಡಿಸುವಾಗ ಇದನ್ನ ಮೊದಲೇ ಕೇಳಿಕೊಳ್ಳಿ.

"ಕ್ಲೇಮ್ ಬಂತು, ಆದ್ರೆ ನನ್ನ ಕೈಗೆ ಬರ್ಲಿಲ್ಲ." ಬ್ಯಾಂಕ್ ಸಾಲದಲ್ಲಿ ತಂದ ಹಸುವಿನ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತೆ. ಹಣ ಮೊದಲು ಸಾಲದ ಖಾತೆಗೆ ಹೋಗುತ್ತೆ. ಇದು ಮೋಸ ಅಲ್ಲ. ಆದ್ರೆ ಎಷ್ಟು ಬಂತು, ಎಷ್ಟು ಜಮಾ ಆಯ್ತು ಅನ್ನೋ ಲೆಕ್ಕವನ್ನ ಬ್ಯಾಂಕಿನಿಂದ ಬರವಣಿಗೆಯಲ್ಲಿ ಕೇಳೋ ಹಕ್ಕು ನಿಮ್ಮದು.

"ಡಾಕ್ಟರ್‌ಗೆ ತೋರಿಸದೆ ನಾಟಿ ಔಷಧಿ ಕೊಟ್ವಿ ಅಂತ ಕೊಡ್ಲಿಲ್ಲ." ನಿರ್ಲಕ್ಷ್ಯ, ಅನುಭವ ಇಲ್ಲದವರ ಚಿಕಿತ್ಸೆ, ವಿಮೆಗೆ ಮೊದಲೇ ಇದ್ದ ರೋಗ, ಬೇಕಂತಲೇ ಮಾಡಿದ ಗಾಯ ಇವೆಲ್ಲ ಪಾಲಿಸಿಯಿಂದ ಹೊರಗೆ. ಹಸು ಮೇವು ಬಿಟ್ಟರೆ, ಮೆಲುಕು ಹಾಕೋದು ನಿಲ್ಲಿಸಿದ್ರೆ ಪಶು ಆಸ್ಪತ್ರೆಗೆ ತೋರಿಸಿ. ರಾಜ್ಯದಲ್ಲಿ 1962ಕ್ಕೆ ಕರೆ ಮಾಡಿದ್ರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತೆ. ಆಸ್ಪತ್ರೆ ಚೀಟಿ, ಮೆಡಿಕಲ್ ಅಂಗಡಿ ಬಿಲ್ ಎಸೀಬೇಡಿ. ಹಸುವಿಗೆ ಚಿಕಿತ್ಸೆ ಕೊಡಿಸಿದ್ದಕ್ಕೆ ಅವೇ ಸಾಕ್ಷಿ. ಔಷಧಿ ಮಾರೋ ಅಂಗಡಿಯವರೂ ಹಾಳೆಯಲ್ಲಿ ಬರೆದು ಕೊಡೋ ಬದಲು ದಿನಾಂಕ ಇರೋ ಬಿಲ್ ಕೊಟ್ಟರೆ ಗಿರಾಕಿಗೆ ದೊಡ್ಡ ಉಪಕಾರ.

ಹಸು ಸತ್ತ ದಿನ ಏನು ಮಾಡಬೇಕು?

ಮನೆಯಲ್ಲಿ ಸಾಕಿದ ಜೀವ ಕಣ್ಣೆದುರೇ ಹೋದಾಗ ಕಾಗದ ಪತ್ರದ ಯೋಚನೆ ಬರಲ್ಲ. ಅದರ ಮೇಲೆ "ಬೇಗ ಮಣ್ಣು ಮಾಡಿ" ಅಂತ ಸುತ್ತಲಿನವರು ಹೇಳ್ತಾರೆ. ಕ್ಲೇಮ್ ಹಾಳಾಗೋದು ಹೆಚ್ಚಾಗಿ ಈ ನಾಲ್ಕೈದು ಗಂಟೆಯಲ್ಲೇ. ಅದಕ್ಕೇ ಮನೆಯಲ್ಲಿ ಒಬ್ಬರಿಗಾದ್ರೂ ಈ ಕ್ರಮ ಗೊತ್ತಿರಲಿ.

ಮೊದಲು ಪಾಲಿಸಿಯಲ್ಲಿರೋ ನಂಬರಿಗೆ ಕರೆ ಮಾಡಿ ಕಂಪನಿಗೆ ತಿಳಿಸಿ. ಕರೆ ಮಾಡಿದ ಸಮಯ, ಮಾತಾಡಿದವರ ಹೆಸರು, ಕೊಟ್ಟ ದೂರು ಸಂಖ್ಯೆ ಬರೆದಿಟ್ಕೊಳ್ಳಿ. ಕರೆ ಜೊತೆಗೆ ಒಂದು ಎಸ್‌ಎಂಎಸ್, ವಾಟ್ಸ್‌ಆ್ಯಪ್ ಅಥವಾ ಇ-ಮೇಲ್ ಕೂಡ ಕಳಿಸಿ. "ಏಜೆಂಟ್‌ಗೆ ಹೇಳಿದ್ದೆ" ಅನ್ನೋ ಮಾತಿಗೆ ಆಮೇಲೆ ಸಾಕ್ಷಿ ಸಿಗಲ್ಲ.

ಎರಡನೇದು, ಪಶುವೈದ್ಯರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ಹೂಳಬೇಡಿ, ಚರ್ಮ ಸುಲಿಯಲು ಬಿಡಬೇಡಿ. ಕಂಪನಿಯವರು ಬಂದು ನೋಡ್ತೀವಿ ಅಂದ್ರೆ ಎಷ್ಟು ಹೊತ್ತಿಗೆ ಅಂತ ಕೇಳಿ, ಆ ಉತ್ತರವನ್ನ ಮೆಸೇಜಿನಲ್ಲೇ ಪಡೆಯಿರಿ.

ಮೂರನೇದು, ಓಲೆ ಕಿವಿಯಲ್ಲಿ ಇರುವಾಗಲೇ ಫೋಟೋ ತೆಗೀರಿ. ಹಸು ಪೂರ್ತಿ ಕಾಣೋ ಹಾಗೆ, ಓಲೆ ನಂಬರ್ ಓದೋ ಹಾಗೆ, ಪಶುವೈದ್ಯರು ಪರೀಕ್ಷೆ ಮಾಡೋ ಹೊತ್ತಲ್ಲಿ ಕೂಡ. ಕ್ಲೇಮ್ ಜೊತೆ ಓಲೆಯನ್ನೇ ಕೇಳ್ತಾರೆ. ಪಶುವೈದ್ಯರು ತೆಗೆದುಕೊಟ್ಟ ಓಲೆ ಜೋಪಾನ. ಕಂಪನಿಗೆ ಕೊಡುವಾಗ ಸ್ವೀಕೃತಿ ಪಡೆಯಿರಿ.

ಒಂದು ಎಚ್ಚರಿಕೆ. ಹಸು ಕಾಯಿಲೆಯ ಸುಳಿವೇ ಇಲ್ಲದೆ ದಿಢೀರ್ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರ್ತಾ ಇದ್ರೆ ಅದು ನೆರಡಿ ರೋಗ, ಅಂದ್ರೆ ಆಂಥ್ರಾಕ್ಸ್ ಇರಬಹುದು. ಮನುಷ್ಯರಿಗೂ ಹರಡುತ್ತೆ. ಅಂಥ ಹಸುವನ್ನ ಯಾರೂ ಕೊಯ್ಯಬಾರದು. ಪಶುವೈದ್ಯರೇ ಬಂದು ರಕ್ತದ ಮಾದರಿ ತಗೊಂಡು ಪ್ರಮಾಣಪತ್ರ ಕೊಡ್ತಾರೆ. ಆಮೇಲೆ ಅವರು ಹೇಳಿದ ಹಾಗೆ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಇಂಥ ಕಡೆ ಮರಣೋತ್ತರ ಪರೀಕ್ಷೆ ಯಾಕೆ ಮಾಡಿಲ್ಲ ಅನ್ನೋದನ್ನ ಪ್ರಮಾಣಪತ್ರದಲ್ಲೇ ಬರೆಸಿಕೊಳ್ಳಿ.

ಕ್ಲೇಮಿಗೆ ಎಷ್ಟು ದಾಖಲೆ ಬೇಕು? ಮಿಷನ್‌ನ ಮಾರ್ಗಸೂಚಿ ಪ್ರಕಾರ ನಾಲ್ಕೇ: ಕಂಪನಿಗೆ ತಿಳಿಸಿದ ಪತ್ರ, ಪಾಲಿಸಿ, ಭರ್ತಿ ಮಾಡಿದ ಕ್ಲೇಮ್ ಅರ್ಜಿ, ಮರಣೋತ್ತರ ಪರೀಕ್ಷೆಯ ವರದಿ. ಇವನ್ನೆಲ್ಲ ಕೊಟ್ಟ 15 ದಿನದೊಳಗೆ ಹಣ ಕೊಡಬೇಕು. ತಡ ಮಾಡಿದ್ರೆ ವರ್ಷಕ್ಕೆ ಶೇ 12ರ ಚಕ್ರಬಡ್ಡಿ ದಂಡ ಕಟ್ಟಬೇಕು ಅಂತಲೂ ಆ ಮಾರ್ಗಸೂಚಿಯಲ್ಲಿದೆ. ಇದು ಸಹಾಯಧನದ ಯೋಜನೆಯ ನಿಯಮ. ಪೂರ್ತಿ ದುಡ್ಡು ಕಟ್ಟಿ ಖಾಸಗಿಯಾಗಿ ಮಾಡಿಸಿದ ಪಾಲಿಸಿಗೆ ಅದರದ್ದೇ ಷರತ್ತು ಇರುತ್ತೆ.

ಕೊಡೋ ಪ್ರತಿ ಕಾಗದದ ಜೆರಾಕ್ಸ್ ಇಟ್ಕೊಳ್ಳಿ. ಅದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. 15 ದಿನದ ಲೆಕ್ಕ ಶುರುವಾಗೋದು ಆ ದಿನಾಂಕದಿಂದ.

ಕ್ಲೇಮ್ ತಳ್ಳಿಹಾಕಿದ್ರೆ ಅಲ್ಲಿಗೇ ಮುಗೀತಾ?

ಇಲ್ಲ. ಮೊದಲು ಕಾರಣವನ್ನ ಬರವಣಿಗೆಯಲ್ಲಿ ಕೇಳಿ. "ಮೇಲಿನಿಂದ ಆಗಲ್ಲ ಅಂದ್ರು" ಅನ್ನೋದು ಕಾರಣ ಅಲ್ಲ. ಪಾಲಿಸಿಯ ಯಾವ ಷರತ್ತು ಮುರಿದಿದೆ ಅಂತ ಅವರು ಹೇಳಬೇಕು.

ತಡವಾಗಿ ತಿಳಿಸಿದ್ದೇ ಕಾರಣ ಅಂದ್ರೆ ಒಂದು ವಿಷಯ ಗೊತ್ತಿರಲಿ. ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರಂದೇ ಎಲ್ಲ ಕಂಪನಿಗಳಿಗೂ ಸುತ್ತೋಲೆ ಕಳಿಸಿದೆ. ತಪ್ಪಿಸಲಾಗದ ಕಾರಣಕ್ಕೆ ತಡವಾಗಿದ್ರೆ ಬರೀ ಅದನ್ನೇ ಹಿಡಿದು ನಿಜವಾದ ಕ್ಲೇಮ್ ತಿರಸ್ಕರಿಸಬಾರದು ಅನ್ನೋದು ಅದರ ಸಾರ. ಮನವಿ ಬರೆಯುವಾಗ ಈ ಸುತ್ತೋಲೆಯ ದಿನಾಂಕ ನಮೂದಿಸಿ, ತಡ ಯಾಕಾಯ್ತು ಅಂತ ವಿವರಿಸಿ.

ಮುಂದಿನ ಮೆಟ್ಟಿಲುಗಳು ಹೀಗಿವೆ:

ಮೊದಲ ಮೆಟ್ಟಿಲು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಅಲ್ಲಿ ಆಗದಿದ್ರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್, ಅಥವಾ 155255, 1800 4254 732 ನಂಬರ್‌ಗಳಿಗೆ ಉಚಿತ ಕರೆ.

ಎರಡನೇ ಮೆಟ್ಟಿಲು, ವಿಮಾ ಲೋಕಪಾಲರು, ಅಂದ್ರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಇವರ ಕಚೇರಿ ಬೆಂಗಳೂರಿನಲ್ಲಿದೆ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದ್ರೂ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ರೆ ಇಲ್ಲಿಗೆ ಹೋಗಬಹುದು. ಒಂದು ವರ್ಷದೊಳಗೆ ಹೋಗಬೇಕು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ.

ಮೂರನೇದು, ಜಿಲ್ಲಾ ಗ್ರಾಹಕರ ಆಯೋಗ. ಸಮಸ್ಯೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಒಂದು ಹಸುವಿನ ಪ್ರೀಮಿಯಂ ಆ ಮಿತಿಯ ಹತ್ತಿರವೂ ಬರಲ್ಲ. ಹಾಗಾಗಿ ಖರ್ಚಿಗೆ ಹೆದರಿ ಸುಮ್ಮನಾಗೋದು ಬೇಡ.

ಎಲ್ಲ ಮೆಟ್ಟಿಲಲ್ಲೂ ಕೇಳೋದು ಅದೇ ಕಾಗದ: ಓಲೆ ನಂಬರ್, ಫೋಟೋ, ಆಸ್ಪತ್ರೆ ಚೀಟಿ, ತಿಳಿಸಿದ್ದಕ್ಕೆ ಸಾಕ್ಷಿ. ಇವು ಇದ್ದವರ ಮಾತಿಗೆ ತೂಕ ಬರುತ್ತೆ.

ವಿಮೆಯೇ ಇಲ್ಲದವರಿಗೆ?

ರಾಜ್ಯ ಸರ್ಕಾರದ ಅನುಗ್ರಹ ಯೋಜನೆ ಇದೆ. ಆಕಸ್ಮಿಕವಾಗಿ ಸತ್ತ ಜಾನುವಾರಿಗೆ ಇದರಲ್ಲಿ ಪರಿಹಾರ ಕೊಡ್ತಾರೆ. 2025-26ರ ಬಜೆಟ್‌ನಲ್ಲಿ ಹಸು, ಎಮ್ಮೆ, ಎತ್ತಿಗೆ 10,000 ರೂಪಾಯಿ ಇದ್ದದ್ದನ್ನ 15,000ಕ್ಕೆ, ಕುರಿ, ಮೇಕೆಗೆ 5,000 ಇದ್ದದ್ದನ್ನ 7,500ಕ್ಕೆ ಏರಿಸೋದಾಗಿ ಘೋಷಿಸಲಾಯ್ತು. ಇದಕ್ಕೂ ಪಶುವೈದ್ಯರ ಮರಣೋತ್ತರ ವರದಿ ಬೇಕು. ಚಿರತೆಯಂಥ ಕಾಡುಪ್ರಾಣಿ ಕೊಂದಿದ್ರೆ ಅರಣ್ಯ ಇಲಾಖೆಗೂ ಅರ್ಜಿ ಕೊಡಬಹುದು.

ಆದ್ರೆ 70,000 ರೂಪಾಯಿ ಹಸು ಹೋದಾಗ 15,000 ರೂಪಾಯಿಯಲ್ಲಿ ಇನ್ನೊಂದು ಹಸು ಬರಲ್ಲ. ಅನುಗ್ರಹ ಇದೆ ಅಂತ ವಿಮೆ ಬಿಡೋದು ಬುದ್ಧಿವಂತಿಕೆ ಅಲ್ಲ.

ಮನೆ ನಾಯಿಗೂ ವಿಮೆ ಮಾಡಿಸಬಹುದಾ?

ಪೇಟೆಯಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಸಾಕಿದ ಅಂಗಡಿ ಮಾಲೀಕರು ಈ ಪ್ರಶ್ನೆ ಕೇಳ್ತಾರೆ. ಮಾಡಿಸಬಹುದು. ಹಸು ವಿಮೆಗಿಂತ ಇದು ಬೇರೆ ಥರ. ನಾಯಿಗೆ ಸಿಗೋ ಕೆಲವು ಪಾಲಿಸಿಗಳು ಆಪರೇಷನ್, ಆಸ್ಪತ್ರೆ ಖರ್ಚನ್ನೂ ಒಂದು ಮಿತಿವರೆಗೆ ಕೊಡ್ತವೆ. ನಿಮ್ಮ ನಾಯಿ ಇನ್ನೊಬ್ಬರಿಗೆ ಕಚ್ಚಿದಾಗ ಬರೋ ಹೊಣೆಗೂ ರಕ್ಷಣೆ ಸೇರಿಸಿಕೊಳ್ಳಬಹುದು. ಸರ್ಕಾರದ ಸಹಾಯಧನ ಇದಕ್ಕಿಲ್ಲ.

ಇಲ್ಲೂ ದೂರುಗಳ ಜಾಡು ಒಂದೇ. ಮೊದಲೇ ಇದ್ದ ಕಾಯಿಲೆ, ಕಾಯುವ ಅವಧಿ, ವಯಸ್ಸಿನ ಮಿತಿ, ಹಾಕಿಸದ ಲಸಿಕೆ. ಪಾರ್ವೋ, ಡಿಸ್ಟೆಂಪರ್‌ನಂಥ ಲಸಿಕೆ ಇರೋ ರೋಗಗಳಿಗೆ ಲಸಿಕೆ ಕಾರ್ಡ್ ಇಲ್ಲದೆ ಕ್ಲೇಮ್ ಕಷ್ಟ. ವರ್ಷದ ಲಸಿಕೆ, ಜಂತುಹುಳು ಮಾತ್ರೆ, ಕೂದಲು ಕತ್ತರಿಸೋ ಖರ್ಚು ಸಾಮಾನ್ಯವಾಗಿ ಸಿಗಲ್ಲ. ಉಣ್ಣೆಯಿಂದ ಬರೋ ಜ್ವರ ನಮ್ಮಲ್ಲಿ ಹೆಚ್ಚು. ಪಾಲಿಸಿಯ ರೋಗಗಳ ಪಟ್ಟಿಯಲ್ಲಿ ಅದು ಇದೆಯಾ ಅಂತ ನೋಡಿಯೇ ದುಡ್ಡು ಕಟ್ಟಿ.

ಇವತ್ತೇ ಮಾಡಬಹುದಾದ ಕೆಲಸ

ಸಂಜೆ ಹಾಲು ಕರೆಯೋ ಹೊತ್ತಿಗೆ ಪಾಲಿಸಿ ಕಾಗದ ಕೊಟ್ಟಿಗೆಗೆ ತಗೊಂಡು ಹೋಗಿ. ಓಲೆ ತೊಳೆದು ಹನ್ನೆರಡು ಅಂಕಿ ಓದಿ, ಕಾಗದದ ಜೊತೆ ಹೊಂದಿಸಿ. ವಿಮೆ ಮುಗಿಯೋ ದಿನಾಂಕವನ್ನ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಕಂಪನಿಯ ನಂಬರ್, ಪಶುವೈದ್ಯರ ನಂಬರ್, 1962 ಮೂರನ್ನೂ ಫೋನಲ್ಲಿ ಸೇವ್ ಮಾಡಿ. ಪಾಲಿಸಿ ಕಾಗದ ಕೈಗೇ ಬಂದಿಲ್ಲ, ಬರೀ ರಸೀದಿ ಇದೆ ಅನ್ನೋರು ನಾಳೆಯೇ ಕೇಳಿ ಪಡೆಯಿರಿ. ಅಂಕಿ ಹೊಂದದಿದ್ರೆ ಹಸು ಗಟ್ಟಿಯಾಗಿ ಮೇವು ತಿಂತಿರುವಾಗಲೇ ಸರಿಪಡಿಸಿಕೊಳ್ಳಿ. ಆಗ ಒಂದು ಅರ್ಜಿಯಲ್ಲಿ ಮುಗಿಯುತ್ತೆ. ಸತ್ತ ಮೇಲೆ ಅದೇ ಕೆಲಸಕ್ಕೆ ವರ್ಷಗಟ್ಟಲೆ ಅಲೆಯಬೇಕಾಗುತ್ತೆ.